ಮಾತುರೀನಳ ‘ನೀವು’

ಮಾತುರೀನ್ ತನ್ನ ಕೋಳಿಯನ್ನೂ ಬಹುವಚನದಲ್ಲಿಯೇ ಮಾತಾಡಿಸುತ್ತಿದ್ದಳಂತೆ. “ಸ್ವಲ್ಪ ಆ ಕಡೆ ಸರೀರಿ, ಕಾಲಿಗೆ ಸಿಕ್ತೀರಿ” ಎಂದು ಅವಳು ಅಂಗಳದಲ್ಲಿ ಹೇಳುವುದು ಕೇಳಿಸಿದರೆ, ಯಾರೋ ನೆಂಟರು ಬಂದಿರಬೇಕು ಎಂದು ದಾರಿಯಲ್ಲಿ ಹೋಗುವವರು ಇಣುಕಿ ನೋಡುತ್ತಿದ್ದರು. ಇದನ್ನು ನನಗೆ ಹೇಳಿದವಳು ನನ್ನ ಅಜ್ಜಿ ಓಬೀನ್. ಅವಳನ್ನು ಸಾಕಿ ಬೆಳೆಸಿದವಳು ಈ ಮಾತುರೀನ್. ಅಜ್ಜಿ ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಅವಳಿಗೆ ಸರಿಯಾಗಿ ನೆನಪಿಲ್ಲದ್ದನ್ನು ಬಿಟ್ಟಿದ್ದೇನೆ.

ಮಾತುರೀನ್ ಲ್ವಾರ್ ನದಿಯ ದಂಡೆಯಲ್ಲಿ ಊರವರ ಬಟ್ಟೆ ಒಗೆದು ಬದುಕುತ್ತಿದ್ದಳು. ಅವಳ ಅಪ್ಪ ಅಮ್ಮ ಯಾರೆಂದು ಯಾರಿಗೂ ತಿಳಿಯದು. ಹುಟ್ಟಿದಾಗಲೇ ಅವಳನ್ನು ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಅಲ್ಲಿ ಅವಳು ‘ಲೇ’ ಆಗಿದ್ದಳು, ‘ಎಲೇ’ ಆಗಿದ್ದಳು, ಸಂತೋಷದ ದಿನಗಳಲ್ಲಿ ‘ನೀನು’ ಆಗಿದ್ದಳು. ದೊಡ್ಡವಳಾದ ಮೇಲೆ ಜಮೀನ್ದಾರರ ಬಂಗಲೆಯಲ್ಲಿ ಬಟ್ಟೆ ಒಗೆಯಲು ಸೇರಿದಳು. ಅಲ್ಲಿ ತೊಟ್ಟಿಲನ್ನು ಒದ್ದೆ ಮಾಡಿಕೊಂಡು ಅಳುವ ಕೂಸಿಗೂ ತಲೆ ನರೆತ ಅಡುಗೆಯವನು “ಯಾಕೆ ಅಳ್ತೀರಿ?” ಎನ್ನುತ್ತಿದ್ದ. ಆ ಒದ್ದೆ ಬಟ್ಟೆಗಳು ಕೊನೆಗೆ ಅವಳ ಕೈಗೇ ಬರುತ್ತಿದ್ದವು. ಅವು ಬೇರೆ ಕೂಸುಗಳ ಬಟ್ಟೆಯ ಹಾಗೆಯೇ ನಾರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ಒಂದು ಮಾತು ಅವಳ ಕಿವಿಯಲ್ಲಿ ಉಳಿದುಬಿಟ್ಟಿತು.

ರಾಜನ ಅಧಿಕಾರ ಮುರಿದುಬಿದ್ದ ವರ್ಷ, ಸಿಲ್ವೆನ್ ಎಂಬ ಗುಮಾಸ್ತ ಸಂತೆಯಲ್ಲಿ ಪೀಪಾಯಿಯ ಮೇಲೆ ನಿಂತು ಪ್ಯಾರಿಸಿನಿಂದ ಬಂದ ಹಾಳೆಯನ್ನು ಓದಿದ. ತತ್ವಜ್ಞಾನಿಗಳ ಪುಸ್ತಕಗಳನ್ನು ಓದಿ ಓದಿ ಅವನ ಕಣ್ಣು ಕೆಂಪಾಗಿರುತ್ತಿತ್ತು. ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಅವನು ಓದುವಾಗ ಮಾತುರೀನ್ ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ಕೊನೆಯವರೆಗೂ ನಿಂತಿದ್ದಳು. ಬುಟ್ಟಿಯಿಂದ ನೀರು ಸೋರಿ ಅವಳ ಲಂಗ ನೆನೆದುಹೋಗಿತ್ತು. ಮರುವಸಂತದಲ್ಲಿ, ಸಂತ ಓಬ್ಯಾನರ ಹಬ್ಬದ ದಿನ, ಅದೇ ಅನಾಥಾಲಯದ ಬಾಗಿಲಲ್ಲಿ ಒಂದು ಹೆಣ್ಣುಮಗು ಸಿಕ್ಕಿತು. ಸಾಕುತ್ತೇನೆಂದು ಅವಳು ಅದನ್ನು ಎತ್ತಿಕೊಂಡು ಬಂದಳು. ಓಬೀನ್ ಎಂದು ಹೆಸರಿಟ್ಟಳು. “ಬನ್ನಿ, ಹಾಲು ಕುಡೀರಿ” ಎಂದಳು.

ಓಬೀನಳಿಗೆ ನಾಲ್ಕು ತುಂಬುವ ಹೊತ್ತಿಗೆ ಕಾಲ ಇನ್ನೂ ಬದಲಾಗಿತ್ತು. ರಾಜನೇ ಇರಲಿಲ್ಲ. ಚರ್ಚಿನಲ್ಲಿ ಊರಿನ ಕ್ರಾಂತಿ ಸಮಿತಿ ಕೂರುತ್ತಿತ್ತು. ನದಿಯಾಚೆ ರಾಜನ ಪರವಾಗಿ ದಂಗೆ ನಡೆದಿತ್ತು, ಜಮೀನ್ದಾರರ ಮನೆಯವರನ್ನು ಹುಡುಕಿ ಹಿಡಿಯುತ್ತಿದ್ದರು. ಇನ್ನು ಮೇಲೆ ಯಾರೂ ಯಾರಿಗೂ ‘ನೀವು’ ಎನ್ನಕೂಡದು, ಎಲ್ಲರೂ ಎಲ್ಲರಿಗೂ ‘ನೀನು’ ಎಂದೇ ಹೇಳಬೇಕು ಎಂಬ ಹೊಸ ಕಟ್ಟಳೆ ಬಂತು. ಅನಾಥ ಮಕ್ಕಳೆಲ್ಲ ಇನ್ನು ರಾಷ್ಟ್ರದ ಮಕ್ಕಳು ಎಂದೂ ಸಾರಿದರು.

ದಂಡೆಯಲ್ಲಿ ಮಾತುರೀನಳ ಪಕ್ಕ ಮೊಣಕಾಲೂರಿ ಬಟ್ಟೆ ಬಡಿಯುತ್ತಿದ್ದ ರೆನೊಟ್ ಎಂಬಾಕೆಯ ಬಾಯಿಗೆ ಬೀಗವಿರಲಿಲ್ಲ.

“ಅಲ್ವೇ ಮಾತುರೀನ್, ನಿನ್ನ ಕೋಳಿಗೆ ಹೊಸ ಕಟ್ಟಳೆ ತಿಳಿಸಿದ್ಯಾ? ಮೊಟ್ಟೆ ಇಡೋದು ಬಿಟ್ಟೀತು ಪಾಪ.”

“ಅವರಿಗೆ ನಿಧಾನವಾಗಿ ಹೇಳ್ತೀನಿ ರೆನೊಟ್ಟವ್ವ. ನೀವು ನೀರು ಎರಚಬೇಡಿ.”

“ನೋಡು, ಮತ್ತೆ ನೀವು ಅಂದೆ. ನಗೋ ಮಾತಲ್ಲ ಕಣೇ. ಬಟ್ಟೆ ಒಗೆಯೋಳು ಅನಾಥ ಕೂಸಿಗೆ ನೀವು ನೀವು ಅಂತಾಳೆ, ಅದು ಯಾವ್ದೋ ಜಮೀನ್ದಾರರ ಮಗು ಇರಬೇಕು, ಬಚ್ಚಿಟ್ಕೊಂಡಿದ್ದಾಳೆ ಅಂತ ಮಾತಾಡ್ಕೋತಿದಾರೆ. ಸಮಿತಿ ಕಿವಿಗೂ ಬಿದ್ದಿದೆ. ಮಗೂನ ಕಿತ್ಕೊಂಡು ಹೋಗ್ತಾರೆ, ಹುಷಾರು.”

ಮಾತುರೀನಳ ಕೈಯಲ್ಲಿದ್ದ, ಬಟ್ಟೆ ಬಡಿಯುವ ಕೊಡತಿ ನಿಂತಿತು. ಅವತ್ತಿನಿಂದ ಅವಳು ಅಭ್ಯಾಸ ಮಾಡತೊಡಗಿದಳು. ಒಂದೊಂದು ಏಟಿಗೆ ಒಂದೊಂದು ‘ನೀನು’. ಕಲ್ಲಿಗೆ ನೀನು, ಹೊಳೆಗೆ ನೀನು, ಬಟ್ಟೆ ನೆನೆಸುವ ಬೂದಿನೀರಿನ ಹಂಡೆಗೆ ನೀನು. ಮನೆಯಲ್ಲಿ ಸೂಪು ಬಡಿಸುವಾಗ ಧೈರ್ಯ ಮಾಡಿ, “ನೀನು ಉಣ್ಣು” ಎಂದಳು. ಓಬೀನ್ ಚಮಚ ಕೆಳಗಿಟ್ಟಳು. ಬೀದಿಯಲ್ಲಿ ಬೈಯುವವರು ಹಾಗೆ ಹೇಳುವುದನ್ನು ಅವಳು ಕೇಳಿದ್ದಳು, ಅಮ್ಮ ಹೇಳಿದ್ದನ್ನು ಕೇಳಿರಲಿಲ್ಲ.

“ಅಮ್ಮ, ನಾನೇನು ತಪ್ಪು ಮಾಡ್ದೆ? ನಿಮಗೆ ನನ್ನ ಮೇಲೆ ಸಿಟ್ಟಾ?”

ಮಾತುರೀನ್ ಮತ್ತೆ ಅಭ್ಯಾಸ ಮಾಡಲಿಲ್ಲ.

ಸಮಿತಿ ಇಬ್ಬರನ್ನೂ ಕರೆಸಿತು. ಅಧ್ಯಕ್ಷನಾಗಿದ್ದವನು ಚಮ್ಮಾರ ಬರ್ನಾಬೆ. ಪಕ್ಕದಲ್ಲಿ ಕೂತು ಬರೆಯುತ್ತಿದ್ದವನು ಸಿಲ್ವೆನ್.

“ಈ ಮಗು ಯಾರ್ದು ಮಾತುರೀನ್? ನಿಜ ಹೇಳು” ಎಂದ ಬರ್ನಾಬೆ.

“ಯಾರದೂ ಅಲ್ಲ. ನನ್ನ ಹಾಗೇ.”

“ಮತ್ತೆ ನೀವು ಅನ್ನೋದು ಯಾಕೆ?”

ಅವಳು ಸಿಲ್ವೆನ್‌ನ ಕಡೆ ತಿರುಗಿದಳು. “ಸಂತೇಲಿ ಪೀಪಾಯಿ ಮೇಲೆ ನಿಂತು ನೀವೇ ಓದಿದ್ರಲ್ಲ, ಹುಟ್ಟಿನಿಂದ ಎಲ್ಲಾ ಒಂದೇ ಅಂತ. ಹಾಗಾದ್ರೆ ಈ ಕೂಸೂ ಬಂಗಲೆ ಕೂಸೂ ಒಂದೇ ಆಯ್ತಲ್ಲ ಅಂದ್ಕೊಂಡೆ. ಆ ಕೂಸಿಗೆ ನೀವು ಅಂತಿದ್ರು. ಅದಕ್ಕೆ ಇದಕ್ಕೂ ನೀವು ಅಂದೆ. ಎಲ್ರನ್ನೂ ಮೇಲಕ್ಕೆ ಕರ್ಕೊಂಡು ಹೋಗ್ತೀರಿ ಅಂತ ತಿಳ್ಕೊಂಡಿದ್ದೆ. ನನಗೆ ಅರ್ಥ ಆಗಿದ್ದು ತಪ್ಪಾಗಿದ್ರೆ ಕ್ಷಮಿಸಿ. ಮಗೂನ ಮಾತ್ರ ತಗೋಬೇಡಿ.”

ಸಿಲ್ವೆನ್ ಲೇಖನಿ ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ತಪ್ಪಲ್ಲ ಮಾತುರೀನ್. ಆದ್ರೆ ಕೇಳು. ನೀವು ಅನ್ನೋದರಲ್ಲಿ ಒಂದು ದೂರ ಇದೆ. ನಾವೀಗ ಯಾರ ಪ್ರಜೆಗಳೂ ಅಲ್ಲ, ನಾವೇ ಒಂದು ರಾಷ್ಟ್ರ. ರಾಷ್ಟ್ರ ಅಂದ್ರೆ ಒಂದು ಮನೆ. ಒಂದೇ ಮನೇಲಿ ಅಣ್ಣ ತಮ್ಮಂದಿರು ನೀವು ಅಂತಾರಾ? ಪ್ರೀತಿ ಇರೋ ಕಡೆ ನೀನು ಅಂತಾನೇ ಅನ್ನೋದು.”

“ನನಗೆ ಯಾರೂ ಹಾಗೆ ಅಂದಿಲ್ಲ, ಅಯ್ಯ. ನೀನು ಅಂದವರೆಲ್ಲ ಕೆಲಸ ಹೇಳೋಕೆ ಅಂದ್ರು.”

ಮೂರು ಮಕ್ಕಳ ತಂದೆಯಾದ ಬರ್ನಾಬೆ ಓಬೀನಳ ಮರದ ಜೋಡುಗಳನ್ನು ನೋಡುತ್ತಿದ್ದ. ಅವುಗಳೊಳಗೆ ಬೆಚ್ಚಗಿರಲೆಂದು ಹುಲ್ಲನ್ನು ಹೆಣೆದು ಅಂಚು ಕಟ್ಟಿದ್ದಳು ಮಾತುರೀನ್.

“ಬಚ್ಚಿಟ್ಟ ಮಗು ಅಲ್ಲ ಇದು” ಎಂದ ಅವನು. “ಬರ್ಕೋ ಸಿಲ್ವೆನ್. ಮಗು ರಾಷ್ಟ್ರದ್ದು, ಸಾಕೋದು ಮಾತುರೀನ್. ಬೀದೀಲಿ ನೀನು ಅನ್ನಬೇಕು. ಮನೆಯೊಳಗೆ ಏನಂತಾಳೋ ಕೇಳೋಕೆ ಸಮಿತಿಗೆ ಅಷ್ಟು ಉದ್ದದ ಕಿವಿ ಇಲ್ಲ.” ಆಮೇಲೆ ಕುರ್ಚಿಯಿಂದ ಎದ್ದು, “ಹೋಗ್ಬನ್ನಿ ತಾಯಿ, ಮೆಟ್ಟಿಲು ಜಾರ್ತದೆ, ಹುಷಾರು” ಎಂದ.

ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆದಿದ್ದು ಸಿಲ್ವೆನ್ ಕೆಮ್ಮಿದ ಮೇಲೆ. “ಅದನ್ನ ಬರ್ಕೋಬೇಡ” ಎಂದನಂತೆ.

ಹೊರಗೆ ಬಂದ ಮೇಲೆ ಓಬೀನ್ ಅಮ್ಮನ ಜೊತೆ ಮನೆಯ ಕಡೆ ನಡೆದಳು. ಸೇತುವೆಯ ಹತ್ತಿರ ಬಂದಾಗ ಕೇಳಿದಳು:

“ಅಮ್ಮ, ಆ ಕೆಂಪು ಕಣ್ಣಿನವರು ಹೇಳಿದ್ದು ನಿಜಾನಾ? ಒಂದೇ ಮನೇಲಿ ಇರೋರು ನೀನು ಅಂತಾರಾ?”

“ಇರಬಹುದು. ಓದಿದೋರು ಅವರು.”

“ನಾವಿಬ್ರೂ ಒಂದೇ ಮನೇಲಿ ಇದೀವಲ್ಲ.”

“ಹೌದು.”

ಮಗು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಿಸಿ ಸೂಪನ್ನು ಊದಿ ನೋಡುವವರ ಹಾಗೆ ಮೆಲ್ಲಗೆ ಹೇಳಿತು: “ನೀನು ನನ್ನ ಅಮ್ಮ.”

ಮಾತುರೀನ್ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. “ಇನ್ನೊಂದು ಸಲ ಹೇಳ್ತೀರಾ?” ಎಂದು ಕೇಳಿದಳು.

ಮುಂದೆ ರಾಜರು ಹಿಂತಿರುಗಿ ಬಂದರು, ದೊಡ್ಡವರ ‘ನೀವು’ ಅವರ ಜೊತೆಗೆ ಮರಳಿತು. ಆ ಮನೆಯಲ್ಲಿ ಮಾತ್ರ ಮಗಳು ತಾಯಿಗೆ ‘ನೀನು’ ಎನ್ನುವುದೂ, ತಾಯಿ ಮಗಳಿಗೆ ‘ನೀವು’ ಎನ್ನುವುದೂ ಮಾತುರೀನ್ ಇರುವವರೆಗೂ ನಡೆಯಿತು.