ಲವೀನಾ ಕ್ಲಾರಿನೆಟ್ ಅದಲುಬದಲು ಮಾಡಿಸಿದ್ದು

ನನ್ನ ಮೊಮ್ಮಗಳು ಲವೀನಾಗೆ ಕೆಲಸ ಸಿಕ್ಕಿತು! ಮೆಲ್ಬರ್ನಿನ ಯೂನಿವರ್ಸಿಟಿಯಲ್ಲಿ ವಿಂಡ್ ಬ್ಯಾಂಡ್ ಕಂಡಕ್ಟರ್, ಅದೂ ಪರ್ಮನೆಂಟು. ಇವತ್ತು ಮಧ್ಯಾಹ್ನ ಫೋನ್ ಬಂತು. ವಿಂಡ್ ಬ್ಯಾಂಡ್ ಅಂದರೆ ಊದುವ ವಾದ್ಯ, ಜೊತೆಗೆ ಡ್ರಮ್ಮು. ಕಂಡಕ್ಟರ್ ಮುಂದೆ ನಿಂತು ಅದನ್ನು ನಡೆಸುವವಳು, ಕಲಿಸುವವಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮಂಗಳೂರಿನಲ್ಲಿ ನಲವತ್ತೆರಡು ವರ್ಷ ಮದುವೆ ಬ್ಯಾಂಡಿನವರ ವಾದ್ಯ ರಿಪೇರಿ ಮಾಡಿದವನು. ಈಗ ಮೆಲ್ಬರ್ನಿನ ಟ್ರುಗನಿನಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಲವೀನಾ ಮೂರು ವರ್ಷ ಸಿಡ್ನಿಯ ಪ್ಯಾರಮಟ್ಟಾದಲ್ಲಿ ರೂಮು ಮಾಡಿಕೊಂಡು, ಸ್ಕೂಲಿಂದ ಸ್ಕೂಲಿಗೆ ಕಾಂಟ್ರ್ಯಾಕ್ಟಿನ ಮೇಲೆ ಬ್ಯಾಂಡ್ ಕಲಿಸಿದಳು. "ಈ ಯೂನಿವರ್ಸಿಟಿ ಕೆಲಸವೂ ಆಗದಿದ್ರೆ ಬ್ಯಾಂಡ್ ಸಾಕು, ಆಫೀಸ್ ಕೆಲಸ ಹುಡುಕ್ತೀನಿ" ಅಂದಿದ್ದಳು.

ಹೋದ ವಾರ ಆ ಕೆಲಸಕ್ಕೆ ಪರೀಕ್ಷೆ. ಗುರುತಿಲ್ಲದ ಐವತ್ತು ಸ್ಟೂಡೆಂಟ್ಸ್, ಮೂವತ್ತು ನಿಮಿಷ ರಿಹರ್ಸಲ್, ನೋಡುವುದಕ್ಕೆ ಮೂವರು ಪ್ರೊಫೆಸರು. ಹಿಂದಿನ ಸಾಲಿನಲ್ಲಿ ನನ್ನನ್ನು ಕೂರಿಸಿ, "ಅಜ್ಜ, ಪ್ಲೀಸ್, ಒಂದು ಮಾತೂ ಆಡ್ಬೇಡಿ" ಅಂದು ಹೋದಳು.

ಕೈ ಎತ್ತಿದಳು. ಐವತ್ತು ಜನ ಒಟ್ಟಿಗೆ ಉಸಿರೆಳೆದರು. ಆ ಉಸಿರು ನನಗೆ ಕೇಳಿಸಿತು ಸ್ವಾಮಿ, ಮೈ ಜುಂ ಅಂತು! ನಮ್ಮ ಬ್ಯಾಂಡುಗಳಲ್ಲಿ ಡ್ರಮ್ಮು ಬಡಿದರೆ ಶುರು. ಇಲ್ಲಿ ಬರೀ ಒಂದು ಕೈ, ಸದ್ದೇ ಇಲ್ಲ.

ಎರಡು ನಿಮಿಷ ಆಗಿರಬೇಕು, ಕ್ಲಾರಿನೆಟ್ ಸಾಲಿನಲ್ಲಿ ಗಾಳಿ ಸೋರಿತು. ಕೊನೆಯ ಕುರ್ಚಿಯ ಹುಡುಗಿ ತಗ್ಗಿನ ಸ್ವರ ಬಂದಾಗಲೆಲ್ಲ ಊದದೆ ಬೆರಳು ಮಾತ್ರ ಆಡಿಸುತ್ತಿದ್ದಳು. ಲವೀನಾ ನಿಲ್ಲಿಸಿ, ಯಾಕೆ ಅಂತ ಮೆಲ್ಲಗೆ ಕೇಳಿದಳು.

"ನನಗೆ ಅದು ಬರೋದೇ ಇಲ್ಲ ಮಿಸ್. ಟರ್ಮ್ ಮುಗಿದ ಮೇಲೆ ಬ್ಯಾಂಡ್ ಬಿಡ್ತೀನಿ."

ಲವೀನಾ ಗಡಿಯಾರ ನೋಡಲಿಲ್ಲ. "ಬಾಯಿಗಿಡುವ ತುದಿ ನಿಮ್ಮದೇ ಇರಲಿ, ಕ್ಲಾರಿನೆಟ್ ಅದಲುಬದಲು ಮಾಡಿ" ಅಂತ, ಎಲ್ಲರಿಗಿಂತ ಚೆನ್ನಾಗಿ ಊದುವ ಮೊದಲ ಕುರ್ಚಿಯವಳದನ್ನು ಇವಳಿಗೆ ಕೊಡಿಸಿದಳು. ಹುಡುಗಿ ಊದಿದಳು. ತಗ್ಗಿನ ಸ್ವರ ತುಂಬಿ ಬಂತು! ಮೊದಲ ಕುರ್ಚಿಯವಳು ಇವಳದನ್ನು ಊದಿದಳು. ಬುಸ್ ಅಂತು.

ನಾನು ಎಲ್ಲ ಮರೆತು ಎದ್ದು ನಿಂತೆ. "ಪ್ಯಾಡು! ಪ್ಯಾಡು ಸೋರ್ತಿದೆ!"

ಇಡೀ ಹಾಲ್ ತಿರುಗಿ ನೋಡಿತು. ಮಗುವಿನ ಕೆಲಸ ಕಳೆದೆನಲ್ಲಾ ದೇವರೇ ಅಂದುಕೊಂಡೆ. ಅವಳು ನಕ್ಕಳು. "ನಮ್ಮಜ್ಜ, ವಾದ್ಯ ರಿಪೇರಿಯವರು. ಬನ್ನಿ ಅಜ್ಜ, ನೋಡಿ."

ಪ್ಯಾಡ್ ಅಂದರೆ ತೂತು ಮುಚ್ಚುವ ಮೆತ್ತೆ. ಅದರ ಅಡಿಗೆ ತೆಳು ಕಾಗದ ಇಟ್ಟು ಎಳೆದೆ, ಹಿಡಿತವಿಲ್ಲದೆ ಜಾರಿತು. ಬಿಸಿ ಮಾಡಿ ಕೂರಿಸಬೇಕು. "ಲೈಟರ್ ಇದೆಯಾ?" ಮಕ್ಕಳೆಲ್ಲ ನೆಲ ನೋಡಿದರು. ಕೊನೆಗೆ ಹಿರಿಯ ಪ್ರೊಫೆಸರಮ್ಮನೇ ಜೇಬಿನಿಂದ ತೆಗೆದರು! ಎಲ್ಲರೂ ಹೋ ಅಂದರು. ಹೊರಗೆ ಹೋಗಿ ಸರಿಮಾಡಿ ತಂದುಕೊಟ್ಟೆ. ಆ ಹುಡುಗಿ ಕೊನೆಯವರೆಗೂ ಒಂದು ಸ್ವರ ಬಿಡದೆ ಊದಿದಳು.

"ಮೂವತ್ತರಲ್ಲಿ ಎಂಟು ನಿಮಿಷ ಒಬ್ಬಳಿಗೇ ಕೊಟ್ಟಿರಲ್ಲ?" ಪ್ರೊಫೆಸರಮ್ಮ ಕೇಳಿದರು.

"ಕೊಡದಿದ್ರೆ ಅವಳು ಬಿಟ್ಟು ಹೋಗ್ತಿದ್ದಳು" ಅಂದಳು ಲವೀನಾ.

ನನ್ನ ಅಂಗಡಿಗೂ ಎಷ್ಟೋ ಜನ "ನನ್ನ ಬಾಯಿಯೇ ಸರಿ ಇಲ್ಲ" ಅಂತ ಬರುತ್ತಿದ್ದರು. ನಾನು ಪ್ಯಾಡ್ ಹಾಕಿ ಕಳಿಸುತ್ತಿದ್ದೆ. ತಪ್ಪು ನಿನ್ನದಲ್ಲ ಅಂತ ಒಬ್ಬನಿಗೂ ಊದಿಸಿ ತೋರಿಸಲಿಲ್ಲ. ಅದೂ ರಿಪೇರಿಯೇ ಅಂತ ಈ ವಯಸ್ಸಿಗೆ ಮೊಮ್ಮಗಳಿಂದ ಕಲಿತೆ.

ಇವತ್ತು ರಾತ್ರಿ ಮಗಳು ಇಡ್ಲಿಯಂಥ ಸನ್ನಾ ಜೊತೆಗೆ ಕೋಳಿ ಸಾರು ಮಾಡಿದಳು. "ಪಪ್ಪಾ, ನೀವು ಎದ್ದಾಗ ಲವೀನಾಳ ಜೀವವೇ ಹೋಗಿತ್ತಂತೆ!" ಅಂತ ಅಳಿಯ ರೇಗಿಸಿದ. ಎಲ್ಲರೂ ಒಂದೇ ಮೇಜಿಗೆ ಕೂತು ಉಂಡೆವು. ಲವೀನಾ ಬಂದಾಗಲೆಲ್ಲ ಕೇಳುವಂತೆ, ಸಿಡ್ನಿಗೆ ಫ್ಲೈಟ್ ಎಷ್ಟು ಗಂಟೆಗೆ ಅಂತ ಈ ಸಲ ಯಾರೂ ಕೇಳಲಿಲ್ಲ.