ಸಾಹೇಬನ ರೂಲುದೊಣ್ಣೆ

ನಮ್ಮ ಸಾಹೇಬನ ಮೇಜಿನ ಮೇಲೆ ಕರಿಮರದ ದುಂಡನೆಯ ರೂಲುದೊಣ್ಣೆಯೊಂದು ಇರುತ್ತಿತ್ತು. ಅದು ಕಾಗದದ ಮೇಲೆ ಗೆರೆ ಎಳೆದದ್ದಕ್ಕಿಂತ ನಮ್ಮ ಬೆರಳ ಗೆಣ್ಣುಗಳ ಮೇಲೆ ಬಿದ್ದದ್ದೇ ಹೆಚ್ಚು. ಚಹಾ ತಣ್ಣಗಿದ್ದರೆ ಏಟು, ಗಂಟೆ ಬಾರಿಸಿದ ಕೂಡಲೇ ಓಡಿಬರದಿದ್ದರೆ ಏಟು. ಹೊಡೆಯುವ ಮೊದಲು ಕೈ ಮೇಜಿನ ಮೇಲಿಡು ಎನ್ನುತ್ತಿದ್ದ. ಇಡುತ್ತಿದ್ದೆವು. ‘ಸಾಹೇಬರು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಅವನಿಗೆ ಮಾತುಮಾತಿಗೂ ‘ರಿ’ ಹಚ್ಚಿ ಹಚ್ಚಿ ಆಗಲೇ ಸಾಕಾಗಿದೆ.

ಅರವತ್ತರ ದಶಕದ ಧಾರವಾಡ ಅದು. ವಿಶ್ವವಿದ್ಯಾಲಯದ ಒಂದು ಕಚೇರಿಯಲ್ಲಿ ನಾವು ಮೂವರು ದಿನಗೂಲಿ ಜವಾನರು. ಕಾಯಂ ಆದವರಿಗೆ ಖಾಕಿ ಕೋಟು, ಸೊಂಟಕ್ಕೆ ಹಿತ್ತಾಳೆಯ ಬಿಲ್ಲೆ. ನಮಗೆ ಜ್ವರ ಬಂದು ಮಲಗಿದರೆ ಆ ದಿನದ ಕೂಲಿಯೂ ಇಲ್ಲ. ಯಾರನ್ನು ಕಾಯಂ ಮಾಡಬೇಕೆಂದು ಮೇಲಕ್ಕೆ ಹೆಸರು ಕಳಿಸುವವನು ಸಾಹೇಬ. ಹಾಗಾಗಿ ಕಚೇರಿ ತೆರೆಯುವ ಮೊದಲು ಅವನ ಮನೆಯಲ್ಲಿ ಕಟ್ಟಿಗೆ ಒಡೆದು, ನೀರು ಸೇದಿ, ಬಟ್ಟೆ ಒಗೆದು ಬರಬೇಕಿತ್ತು. ಅದಕ್ಕೆ ಬಂಗಲೆ ಪಾಳಿ ಎಂಬ ಹೆಸರು ಬೇರೆ.

ನಮ್ಮಲ್ಲಿ ಹಿರಿಯರೆಂದರೆ ಬೈರಿದೇವರಕೊಪ್ಪದ ಚಾಚಾ. ನಾನು ಪಕ್ಕದ ಉಣಕಲ್ಲಿನವನು, ದಿನಾ ಜೊತೆಯಾಗಿಯೇ ಸೈಕಲ್ ತುಳಿಯುತ್ತಿದ್ದೆವು. ಒಂದು ಮಧ್ಯಾಹ್ನ ಅವರು ಸಾಹೇಬನನ್ನು ಕೇಳಿಯೇಬಿಟ್ಟರು: ತಮ್ಮ ಹಿಂದೆ ಬಂದವರೆಲ್ಲ ಬಿಲ್ಲೆ ಕಟ್ಟಿಕೊಂಡು ತಿರುಗುತ್ತಿದ್ದಾರೆ, ತಮ್ಮ ಹೆಸರು ಯಾವಾಗ ಕಳಿಸುತ್ತೀರಿ ಎಂದು. ದನಿ ಏರಿಸಿರಲಿಲ್ಲ. ಸಾಹೇಬ ಆವತ್ತು ಕೈ ಇಡು ಎನ್ನಲಿಲ್ಲ. ಎದ್ದವನೇ ರೂಲುದೊಣ್ಣೆಯಿಂದ ಅವರ ಎಡಗಿವಿಗೆ ಬಾರಿಸಿದ. ಚಾಚಾ ಗೋಡೆಗೆ ಹೋಗಿ ಬಡಿದರು. ಎರಡನೆಯ ಏಟು ಅದೇ ಕಿವಿಗೆ. ರಕ್ತ ಕುತ್ತಿಗೆಗುಂಟ ಇಳಿದು ಅಂಗಿ ನೆನೆಯಿತು. ನಾನು ಅವನ ರಟ್ಟೆ ಹಿಡಿದುಕೊಂಡೆ. ಅವನು ಕೊಸರಿಕೊಂಡು, ದೊಣ್ಣೆಯ ತುದಿಯನ್ನು ನನ್ನ ಗಂಟಲಿಗೆ ಒತ್ತಿ, ಈತ ಮೆಟ್ಟಿಲಿನಿಂದ ಬಿದ್ದಿದ್ದಾನೆ, ಬೇರೆ ಹೇಳುವವನು ನಾಳೆಯಿಂದ ಬರಬೇಕಾಗಿಲ್ಲ ಎಂದ.

ಮರುದಿನ ಬಂಗಲೆಯಲ್ಲಿ ಕಟ್ಟಿಗೆ ಒಡೆಯುವ ಸರದಿ ನನ್ನದು. ಸಾಹೇಬ ಬನಿಯನ್ನಿನಲ್ಲಿ ಹೊರಬಂದು, ನೀರು ಕಾದಿದೆಯೇ ಎಂದು ಕೇಳಿ, ನನಗೆ ಬೆನ್ನು ಹಾಕಿ ಹಲ್ಲು ತಿಕ್ಕುತ್ತ ನಿಂತ. ನನ್ನ ಕೈಯಲ್ಲಿ ಕೊಡಲಿ. ಕೊಚ್ಚಿಹಾಕಬೇಕು ಅನ್ನಿಸಿತು, ಸುಳ್ಳೇಕೆ ಹೇಳಲಿ. ಆ ಸಿಟ್ಟನ್ನೆಲ್ಲ ಜಾಲಿಯ ಬೊಡ್ಡೆಯ ಮೇಲೆ ತೀರಿಸಿಕೊಂಡೆ. ಕೊಡಲಿಯ ಕಾವು ಮುರಿಯಿತು. ಅದಕ್ಕೂ ಕಚೇರಿಯಲ್ಲಿ ಗೆಣ್ಣಿಗೆ ಏಟು ಬಿತ್ತು.

ಚಾಚಾರ ರಕ್ತ ಕಂಡಿದ್ದ ಅಧ್ಯಾಪಕರೊಬ್ಬರು ದೂರು ಕೊಟ್ಟರು. ಹಿರಿಯ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದು ಸಾಹೇಬನ ಕುರ್ಚಿಯಲ್ಲೇ ಕೂತರು, ಸಾಹೇಬ ಪಕ್ಕದಲ್ಲಿ. ಎದುರಿಗೆ ನಾವು ಮೂವರು ಕೈಕಟ್ಟಿ ನಿಂತೆವು. ಮೆಟ್ಟಿಲಿನಿಂದ ಬಿದ್ದರು ಎಂದು ನಾನು ಹೇಳಿದೆ, ಹೊಟ್ಟೆಪಾಡು. ಇನ್ನೊಬ್ಬನೂ ಹಾಗೆಯೇ ಹೇಳಿದ. ಕಿವಿಗೆ ಹತ್ತಿ ತುರುಕಿಕೊಂಡಿದ್ದ ಚಾಚಾ ಕೂಡ, ಕಾಯಂ ಆಗುವ ಆಸೆಗೆ, ಅದನ್ನೇ ಹೇಳಿದರು. ಅಧಿಕಾರಿ ಎಲ್ಲ ಬರೆದುಕೊಂಡು, ಕೆಳಗೊಂದು ಗೆರೆ ಎಳೆಯಲು ಮೇಜಿನ ಮೇಲಿದ್ದ ರೂಲುದೊಣ್ಣೆ ಎತ್ತಿಕೊಂಡರು.

ಮೂವರ ಕೈಗಳೂ ಒಮ್ಮೆಲೇ ಬೆನ್ನ ಹಿಂದೆ ಹೋದವು. ಯಾರೂ ಬೇಕೆಂದು ಮಾಡಿದ್ದಲ್ಲ.

ಅಧಿಕಾರಿ ನಮ್ಮನ್ನೇ ನೋಡಿದರು. ದೊಣ್ಣೆ ಕೆಳಗಿಟ್ಟು, ಕೈ ಮುಂದೆ ಚಾಚಲು ಹೇಳಿದರು. ಗೆಣ್ಣುಗಳು ಹಸಿಶುಂಠಿಯ ಹಾಗೆ ಬಾತಿದ್ದವು. ಸಾಹೇಬ ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಹೊರಗೆ ಕಳಿಸಿ, ಚಾಚಾರನ್ನು ಮತ್ತೊಮ್ಮೆ ಕೇಳಿದರು.

“ಬಿದ್ದಿಲ್ರಿ,” ಎಂದರು ಚಾಚಾ. “ಕಾಯಂ ಯಾವಾಗ ಮಾಡ್ತೀರಿ ಅಂತ ಕೇಳಿದ್ನಿರಿ. ಅದಕ್ಕ ಹೊಡದಾರ.”

ಸಾಹೇಬನಿಗೆ ಅಂಥದ್ದೇನೂ ಆಗಲಿಲ್ಲ. ಬೇರೆ ಕಟ್ಟಡದಲ್ಲಿ ಬೇರೆ ಕುರ್ಚಿ ಸಿಕ್ಕಿತು. ಇಂದಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಆದರೆ ನಮ್ಮಲ್ಲಿ ಬಂಗಲೆ ಪಾಳಿ ನಿಂತಿತು, ಮಳೆಗಾಲ ಮುಗಿಯುವ ಹೊತ್ತಿಗೆ ಚಾಚಾರ ಆದೇಶವೂ ಬಂತು. ಕಚೇರಿಯ ಗುಮಾಸ್ತರು ಎಡಕ್ಕೆ ನಿಂತು ತಗ್ಗಿದ ದನಿಯಲ್ಲಿ ಓದಿದ್ದು ಅವರಿಗೆ ಕೇಳಿಸಲಿಲ್ಲ. ಆ ಕಿವಿ ಪೂರ್ತಿ ಹೋಗಿತ್ತು. ನಾನು ಬಲಗಿವಿಗೆ ಬಾಯಿ ಹಚ್ಚಿ, ಕಾಯಂ ಆಯಿತು ಎಂದು ಕೂಗಿದೆ.

ಅವರು ಬಿಲ್ಲೆಯನ್ನು ಸೊಂಟಕ್ಕೆ ಬಿಗಿದುಕೊಂಡರು. ಆಮೇಲೆ ಎಡಗಿವಿಯನ್ನು ನನ್ನ ಕಡೆ ತಿರುಗಿಸಿದರು.

“ಇದರಾಗೂ ಒಮ್ಮೆ ಹೇಳೋ ತಮ್ಮಾ,” ಎಂದರು. “ಬಿಲ್ಲೆ ಗಳಿಸಿ ಕೊಟ್ಟಿದ್ದು ಇದ ಕಿವಿ.”