ಗ್ರೂಪಿನಲ್ಲಿ ಮುಗಿದ ಕ್ಷಮೆ

ಬೆಳಗಿನಿಂದ ಮೇಜಿನ ಮೇಲೆ ಮೊಬೈಲು ಗುಂಯ್‌ಗುಡುತ್ತಿದೆ. ಇವತ್ತು ನಮ್ಮ ಜೈನರ ಕ್ಷಮಾವಣಿ. ದಶಲಕ್ಷಣ ಪರ್ವ ಮುಗಿದ ಮೇಲೆ, ವರ್ಷವಿಡೀ ನೋಯಿಸಿದವರ ಮನೆಗೆ ಹೋಗಿ ‘ಉತ್ತಮ ಕ್ಷಮಾ’ ಎಂದು ಕೈಮುಗಿಯುವ ದಿನ. ಈಗ ಗುಲಾಬಿ ಹೂವಿನ ನಡುವೆ ಜೋಡಿಸಿದ ಕೈಗಳ ಚಿತ್ರ ಬರುತ್ತದೆ. ಎಲ್ಲರಿಂದಲೂ ಅದೇ ಚಿತ್ರ, ಕೆಳಗೆ ಅದೇ ಎರಡು ಸಾಲು. ನನ್ನ ಮುಖವನ್ನೇ ಕಾಣದ ಟೈಲ್ಸ್ ವ್ಯಾಪಾರಿಯೊಬ್ಬರೂ ಕ್ಷಮೆ ಕೇಳಿದ್ದಾರೆ. ಕ್ಷಮಿಸಿದೆ. ಅದರಲ್ಲಿ ನನ್ನ ಗಂಟೇನು ಹೋಗುತ್ತದೆ ಹೇಳಿ.

ಸಾಂಗ್ಲಿವಾಡಿಯ ನಮ್ಮ ಓಣಿಯಲ್ಲಿ ಮೊದಲು ಈ ದಿನ ಬಂತೆಂದರೆ ಹೊಟ್ಟೆಗೆ ಶಿಕ್ಷೆ. ಹೋದ ಮನೆಯಲ್ಲೆಲ್ಲ ಚಹಾ, ಚುರುಮುರಿ. ಒಲ್ಲೆ ಎಂದರೆ ಹೊಸ ಜಗಳ, ಮತ್ತೆ ಅದಕ್ಕೊಂದು ಕ್ಷಮೆ. ಆದರೆ ಓಣಿಯವರೆಲ್ಲ ಕಿವಿಗೊಟ್ಟು ಕಾಯುತ್ತಿದ್ದದ್ದು ಭೂಪಾಲ ಕಾಕಾ ತಮ್ಮ ಅಣ್ಣ ಪಾರಿಸಪ್ಪನವರ ಮನೆಗೆ ಹೋಗುವ ಗಳಿಗೆಗಾಗಿ.

ಈ ಅಣ್ಣತಮ್ಮಂದಿರು ವರ್ಷವೆಲ್ಲ ಕಚ್ಚಾಡುವರು. ಎಮ್ಮೆ ಕಟ್ಟಿದ ಜಾಗ, ಮದುವೆಯೂಟದ ಉಪ್ಪು, ಏನು ಸಿಕ್ಕರೂ ಆದೀತು. ಕ್ಷಮಾವಣಿಯ ದಿನ ಕಾಕಾ ಬಿಳಿ ಟೊಪ್ಪಿಗೆ ಹಾಕಿಕೊಂಡು ಅಣ್ಣನ ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಒಳಗಿನಿಂದ ಗುಡುಗು ಶುರು.

“ಬಂದಿ? ನಾಚಿಕಿ ಐತೇನ ನಿನಗ? ವರ್ಷಾ ತಪ್ಪ ಮಾಡೂದು, ವರ್ಷಾ ಬಂದ ಕೈ ಮುಗ್ಯೂದು!”

ಕಾಕಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುವರು. ಅಣ್ಣನ ಉಸಿರು ತೀರಿದ ಮೇಲೆ ದನಿ ಬದಲಾಗುತ್ತಿತ್ತು. “ಕುಂಡ್ರು ಇನ್ನ. ಹೊತ್ತ ಮುಳಗೂದ್ರಾಗ ಉಣ್ಣೂಣು.” ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಅನ್ನ ಮುಟ್ಟುವುದಿಲ್ಲ. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಆ ಊಟಕ್ಕಾಗಿಯೇ ವರ್ಷವೆಲ್ಲ ಜಗಳ ಹುಡುಕುತ್ತಿದ್ದರೋ ಏನೋ ಎಂದು ನನಗೆ ಅನುಮಾನ.

ಆಮೇಲೆ ಪಾರಿಸಪ್ಪನವರ ಮಗ ಸನ್ಮತಿ ಸೇತುವೆಯಾಚೆ ಸಾಂಗ್ಲಿಯಲ್ಲಿ ಫ್ಲ್ಯಾಟು ಕೊಂಡು ಅಪ್ಪನನ್ನು ಕರೆದೊಯ್ದ. ಹೊರಡುವ ದಿನ ಸಾಮಾನಿನ ಟೆಂಪೋದ ಮುಂದೆ ಕಾಕಾ ನಾಲ್ಕು ಜನರೆದುರು ಅಂದುಬಿಟ್ಟರು: “ಹೋಗಪಾ ಹೋಗು. ಮಗನ ಮನ್ಯಾಗ ಪಾವಣಾ ಆಗಿ ಬಿದ್ದಿರು.” ಸ್ವಂತ ಮನೆ ಬಿಟ್ಟು ನೆಂಟನಾಗಿ ಹೊರಟಿದ್ದೇನೆಂಬ ನೋವು ಆ ಮನುಷ್ಯನಿಗೂ ಇದ್ದಿರಬೇಕು. ಗುಡುಗಲಿಲ್ಲ. ತಣ್ಣಗೆ, “ಇನ್ನ ನಿನ್ನ ಮಾರಿ ನನಗ ತೋರಸಬ್ಯಾಡ” ಎಂದು ಟೆಂಪೋ ಹತ್ತಿದರು. ಅವರ ಜಗಳಗಳಲ್ಲಿ ನಿಜವಾದ ಜಗಳ ಅದೊಂದೇ.

ಆ ವರ್ಷವೇ ನಮ್ಮ ಬಸದಿಯ ವಾಟ್ಸಾಪ್ ಗ್ರೂಪಿನಲ್ಲಿ ಅಪ್ಪಣೆ ಬಂತು. ಸನ್ಮತಿಯೇ ಅದರ ಅಡ್ಮಿನ್. ಮನೆಮನೆ ಅಲೆಯುವುದು ಬೇಡ, ಎಲ್ಲರ ಪರವಾಗಿ ಎಲ್ಲರಿಗೂ ಒಂದೇ ಮೆಸೇಜು, ನೋಡಿದವರು ಕೈಮುಗಿದ ಗುರುತು ಒತ್ತಿದರೆ ಆಯಿತು. ಊರಿಗೆ ಊರೇ ಒತ್ತಿತು. ನನಗೂ ಹಾಯೆನಿಸಿತು, ಸುಳ್ಳೇಕೆ ಹೇಳಲಿ, ಆ ಚುರುಮುರಿ ತಪ್ಪಿತಲ್ಲ.

ಕಾಕಾ ಮಾತ್ರ ಟೊಪ್ಪಿಗೆ ಹಾಕಿಕೊಂಡು ನನ್ನ ಬಾಗಿಲಿಗೆ ಬಂದರು. “ಗಾಡಿ ತಗಿ. ಅಣ್ಣನ ಕಡೆ ಹೋಗೂಣು.” ಅವರ ಸೊಸೆ ಹಿಂದೆಯೇ ಓಡಿ ಬಂದು, “ಎಲ್ಲಾರೂ ಗ್ರೂಪಿನ್ಯಾಗ ಮುಗಿಸ್ಯಾರ, ನೀವೊಬ್ಬರ ಯಾಕ ಹೊಂಟೀರಿ? ಮಂದಿ ನಗತಾರ” ಅಂದಳು. ಕಾಕಾ ತಿರುಗಿಯೂ ನೋಡಲಿಲ್ಲ.

ಸಾಂಗ್ಲಿಯ ಫ್ಲ್ಯಾಟಿನ ಗೇಟಿನಲ್ಲಿ ವಾಚಮನ್ ತಡೆದ. “ಆಜೋಬಾ, ವರೂನ ಓಕೆ ಆಲಂ ಪಾಹಿಜೆ.” ಮೇಲಿನಿಂದ ಒಪ್ಪಿಗೆ ಬರಬೇಕಂತೆ. ಒಪ್ಪಿಗೆ ಕೇಳುವ ಆ್ಯಪು ಇದ್ದದ್ದು ಸನ್ಮತಿಯ ಫೋನಿನಲ್ಲಿ, ಸನ್ಮತಿ ಇದ್ದದ್ದು ಮಿರಜಿನ ಆಫೀಸಿನಲ್ಲಿ. ಪಾರಿಸಪ್ಪನವರ ಮೊಬೈಲನ್ನೂ ಅವನೇ ಇಟ್ಟುಕೊಂಡಿದ್ದ. ಅಪ್ಪನಿಗೆ ಒತ್ತಲು ಬರುವುದಿಲ್ಲವೆಂದು. ವಾಚಮನ್ನನ ಫೋನಿನಲ್ಲೇ ಅವನ ದನಿ ಕೇಳಿಸಿತು: “ಕಾಕಾ, ಎಲ್ಲಾರ್ದೂ ಗ್ರೂಪಿನ್ಯಾಗ ಆಗೇತಿ, ನಿಮ್ದೂ ಆತು. ಅಪ್ಪಾ ಮಲಗಿರತಾರ. ಉಗೀಚ ಯಾಕ ತ್ರಾಸ ತಗೋತೀರಿ?”

“ಒಂದ ಸಲ ಜೋರ ಮಾಡಿ ಹೇಳ್ರಿ ಕಾಕಾ” ಎಂದೆ.

“ಬ್ಯಾಡ. ಅಣ್ಣ ಮಾರಿ ತೋರಸಬ್ಯಾಡ ಅಂದಿದ್ದ. ಮಗಗೂ ಅದನ್ನ ಹೇಳಿರಬೇಕ.” ತಾವೇ ತಿರುಗಿ ಬಂದು ಗಾಡಿಯ ಹಿಂದಿನ ಸೀಟಿನಲ್ಲಿ ಕೂತರು.

ಆ ಚಳಿಗಾಲದಲ್ಲಿ ಪಾರಿಸಪ್ಪನವರು ತೀರಿಕೊಂಡರು. ಅವತ್ತು ಗೇಟು ಹಾರುಹೊಡೆದಿತ್ತು, ಯಾರನ್ನೂ ಯಾರೂ ಕೇಳಲಿಲ್ಲ. ಹೆಣದ ಪಕ್ಕ ಕೂತ ಸನ್ಮತಿ ಅಪ್ಪನ ಹಟದ ಬಗ್ಗೆ ಬಂದವರಿಗೆ ಹೇಳುತ್ತಿದ್ದ. “ಕ್ಷಮಾವಣಿ ದಿನಾ ಏನ ಮಾಡಿದ್ರೂ ಉಣ್ಣಲಿಲ್ರಿ. ತಮ್ಮ ಬರ್ತಾನ, ಬರ್ತಾನ ಅಂತ ಕುಂತ್ರು. ಹೊತ್ತ ಮುಳಗಿತು. ಹಂಗ ಉಪಾಸ ಮಲಗಿದ್ರು.” ತಾನು ಹೇಳುತ್ತಿರುವುದೇನೆಂದು ಅವನಿಗೆ ಹೊಳೆಯಲೇ ಇಲ್ಲ. ಕೆಟ್ಟವನಲ್ಲ ಅವನು. ಅದಕ್ಕೇ ಅವನ ಮೇಲೆ ನನಗೆ ಇವತ್ತಿಗೂ ಕುದಿಯುವಷ್ಟು ಸಿಟ್ಟು. ಕಾಕಾ ಕೇಳಿಸಿಕೊಂಡರು.

ಇಷ್ಟು ಬರೆಯುವಷ್ಟರಲ್ಲಿ ಕಾಕಾ ಬಂದರು. ಮೊಮ್ಮಗಳು ಕೊಡಿಸಿದ ಮೊಬೈಲು ಕೈಯಲ್ಲಿತ್ತು. “ತಮ್ಮಾ, ಇದ ಅಣ್ಣನ ನಂಬರ ಹೌದಿಲ್ಲ ನೋಡು.”

ಹೌದು. ಪಾರಿಸಪ್ಪನವರ ಹೆಸರು, ಅವರ ಫೋಟೋ, ಗುಲಾಬಿ ಹೂವು, ಜೋಡಿಸಿದ ಕೈ, ಉತ್ತಮ ಕ್ಷಮಾ. ಸನ್ಮತಿ ಅಪ್ಪನ ಫೋನಿನಿಂದಲೂ ಎಲ್ಲರಿಗೂ ಒಮ್ಮೆಲೇ ಕಳಿಸಿದ್ದ. ಹಾಗೆಂದು ಹೇಳಿದೆ.

ಕಾಕಾ ಚಿತ್ರವನ್ನು ಇನ್ನೊಮ್ಮೆ ನೋಡಿದರು. “ಬೈಲಾರದ ಕ್ಷಮಾ ಮಾಡಾಂವ ನಮ್ಮಣ್ಣ ಅಲ್ಲ” ಎಂದು ಮೊಬೈಲನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು:

“ನೀ ಒಂದೀಟ ಬೈತೀ ಏನ ನನಗ?”

ನನ್ನ ಅಪ್ಪನ ವಯಸ್ಸಿನವರು. ತಲೆ ತಗ್ಗಿಸಿಕೊಂಡು ಕಾಯುತ್ತ ಕೂತರು.